ಮೂರು ಜನ್ಮದ ಒಲವು

ಹದಿಹರೆಯದ ಓದುಗರಿಗೆಂದೇ ಪಾಶ್ಚಾತ್ಯ ದೇಶಗಳಲ್ಲಿ ಅಚ್ಚಾಗುತ್ತಿರುವ ಕಾದಂಬರಿಗಳಲ್ಲಿ ಒಂದು ವಿಶಿಷ್ಟ ಜಾತಿಯಿದೆ. ಊರು ಚಿಕ್ಕದು, ಚಳಿ ಹೆಚ್ಚು. ಕಥಾನಾಯಿಕೆಗೆ ಹದಿನಾರೋ ಹದಿನೇಳೋ ವಯಸ್ಸು. ಅವಳ ಶಾಲೆಗೆ ಹೊಸದಾಗಿ ಒಬ್ಬ ಹುಡುಗ ಬಂದು ಸೇರುತ್ತಾನೆ. ಅವನ ಮಾತು ಕಡಮೆ, ಕಣ್ಣು ಮಂಜಿನ ಬಣ್ಣದ್ದು. ನೂರು ಪುಟ ಕಳೆಯುವುದರೊಳಗೆ ಅವನು ನಮ್ಮ ನಿಮ್ಮಂಥ ಮನುಷ್ಯನಲ್ಲವೆಂದೂ, ಉತ್ತರ ದೇಶದ ಯಾವುದೋ ದೇವತೆಯ ಮಗನೋ ಸತ್ತು ಸಾವಿರ ವರ್ಷವಾದ ಯೋಧನೋ ಆಗಿರುವನೆಂದೂ ತಿಳಿದುಬರುತ್ತದೆ. ಇನ್ನು ಕೆಲವು ಪುಸ್ತಕಗಳಲ್ಲಿ ಹುಡುಗಿಯೇ ಅಮಾನುಷಳು. ರಣರಂಗದಲ್ಲಿ ಬೀಳುವ ವೀರರನ್ನು ಆರಿಸಿ ಕೊಂಡೊಯ್ಯುವ ವಾಲ್ಕಿರಿಗಳ ಕುಲ ಅವಳದು. ಪಾಪ, ತಾನು ಕೊಂಡೊಯ್ಯಬೇಕಾದವನ ಮೇಲೆಯೇ ಅವಳ ಮನಸ್ಸು ನಿಂತುಬಿಟ್ಟಿರುತ್ತದೆ.

ಈ ಬಗೆಯ ಪ್ರಣಯಕ್ಕೆ ಅಂಗಡಿ ಬೀದಿಯಲ್ಲಿ ಕಳೆ ಬಂದದ್ದು 2005ರಲ್ಲಿ, ಅಮೆರಿಕದ ಸ್ಟೆಫನಿ ಮೈಯರ್ ಬರೆದ ‘ಟ್ವೈಲೈಟ್’ ಪ್ರಕಟವಾದ ಮೇಲೆ. ಅಲ್ಲಿಯ ನಾಯಕ ರಕ್ತಪಿಶಾಚಿ. ಆ ಬಳಿಕ ಲೇಖಕರು ಬೇರೆ ಬೇರೆ ಪುರಾಣಗಳ ಕದ ತಟ್ಟಿದರು. ಉತ್ತರ ಯೂರೋಪಿನ ಓಡಿನ್, ಥೋರ್, ಲೋಕಿ ಮೊದಲಾದ ದೇವತೆಗಳ ಸರದಿಯೂ ಬಂತು. ರಿಕ್ ರಿಯೊರ್ಡನ್ 2015ರಲ್ಲಿ ಆರಂಭಿಸಿದ ಮ್ಯಾಗ್ನಸ್ ಚೇಸ್ ಕಥಾಮಾಲೆಯಲ್ಲಿ ನಾಯಕ ಕಥೆಯ ಮೊದಲಿಗೇ ಸಾಯುತ್ತಾನೆ. ಸಮೀರಾ ಎಂಬ ವಾಲ್ಕಿರಿ ಅವನನ್ನು ವೀರಸ್ವರ್ಗಕ್ಕೆ ಒಯ್ಯುತ್ತಾಳೆ. ಆ ವೀರಸ್ವರ್ಗವೋ ಒಂದು ಭಾರಿ ಹೋಟೆಲು! ಅದು ಪ್ರಣಯಕ್ಕಿಂತ ಸಾಹಸಕ್ಕೇ ಒಲಿದ ಕಥೆ. 2020ರಲ್ಲಿ ‘ರಾಗ್ನರೋಕ್’ ಎಂಬ ನಾರ್ವೇಜಿಯನ್ ದೂರದರ್ಶನ ಧಾರಾವಾಹಿ ಬಂತು. ಶಾಲೆಯ ಹುಡುಗನೊಬ್ಬನಲ್ಲಿ ಥೋರ್ ದೇವತೆಯ ಬಲ ಮೂಡುವ ಕಥೆ ಅದು. ಕಥೆ ನಡೆಯುವ ಕಲ್ಪಿತ ಊರಿಗೆ ಇಟ್ಟ ಹೆಸರು ‘ಎಡ್ಡಾ’.

ಮಕ್ಕಳ ಕೈಯಲ್ಲಿ ಇಂಥ ಪುಸ್ತಕ ಕಂಡರೆ ಹಿರಿಯರು ಮೂಗು ಮುರಿಯುವುದುಂಟು. ಸತ್ತವನೊಡನೆ ಸರಸವೇ? ಇದೆಂಥ ಅಭಿರುಚಿ ಎಂಬುದು ಅವರ ಆಕ್ಷೇಪಣೆ. ಆಕ್ಷೇಪಣೆಯಲ್ಲಿ ಹುರುಳಿಲ್ಲವೆನ್ನಲಾಗದು, ಈ ಪುಸ್ತಕಗಳಲ್ಲಿ ಹಲವು ಜೊಳ್ಳೇ ಸರಿ. ಆದರೆ ಹಿರಿಯರು ಯಾವುದನ್ನು ಈ ಕಾಲದ ಹುಚ್ಚೆಂದು ಕರೆಯುತ್ತಾರೋ ಅದು ಈ ಕಾಲದ್ದಲ್ಲ. ನಾರ್ವೆಯ ಧಾರಾವಾಹಿಯವರು ಊರಿಗೆ ಹೆಸರು ಕಡ ತಂದರಲ್ಲ, ಆ ‘ಎಡ್ಡಾ’ ಎಂಬ ಹಳೆಯ ಪದ್ಯಸಂಗ್ರಹದಲ್ಲಿಯೇ ಸತ್ತ ಗಂಡನ ಸಮಾಧಿಯೊಳಗೆ ಹೋಗಿ ಒಂದು ರಾತ್ರಿ ಕಳೆದು ಬಂದ ಹೆಣ್ಣೊಬ್ಬಳ ಕಥೆಯಿದೆ. ಕಥೆಯ ಧೈರ್ಯದಲ್ಲಿಯೂ ಕಾಠಿಣ್ಯದಲ್ಲಿಯೂ ಇಂದಿನ ಯಾವ ಕಾದಂಬರಿಯೂ ಅದರ ಹತ್ತಿರ ಸುಳಿಯಲಾರದು.

ಆ ಪದ್ಯಗಳು ಉಳಿದುಬಂದ ಬಗೆಯೇ ಒಂದು ಸೋಜಿಗ. ಐಸ್‌ಲೆಂಡ್ ಕ್ರೈಸ್ತಮತವನ್ನು ಸ್ವೀಕರಿಸಿದ್ದು ಕ್ರಿಸ್ತಶಕ 1000ದ ಸುಮಾರಿಗೆ. ಅದಾಗಿ ಎರಡೂವರೆ ಶತಮಾನಕ್ಕೂ ಮಿಗಿಲಾಗಿ ಕಳೆದ ಮೇಲೆ, 1270ರ ಸುಮಾರಿನಲ್ಲಿ, ಯಾರೋ ಒಬ್ಬ ಲಿಪಿಕಾರ ತನ್ನ ಅಜ್ಜಂದಿರ ಅನ್ಯದೇವತೆಗಳ ಹಾಡುಗಳನ್ನು ಕರುವಿನ ಚರ್ಮದ ಹಾಳೆಗಳ ಮೇಲೆ ಒತ್ತೊತ್ತಾಗಿ ಬರೆದಿಟ್ಟ. ಅವನ ಹೆಸರು ಯಾರಿಗೂ ತಿಳಿಯದು. ನಾಲ್ಕು ಶತಮಾನ ಆ ಪುಸ್ತಕ ಎಲ್ಲಿತ್ತೋ ಅದೂ ತಿಳಿಯದು. 1643ರಲ್ಲಿ ಅದು ಸ್ಕಾಲ್‌ಹೊಲ್ಟಿನ ಬಿಷಪ್ ಬ್ರಿನ್ಯೋಲ್ವುರ್ ಸ್ವೇಯ್ನ್ಸನ್ ಕೈಗೆ ಬಂತು. ಆತ ಅದನ್ನು 1662ರಲ್ಲಿ ಡೆನ್ಮಾರ್ಕಿನ ದೊರೆ ಮೂರನೆಯ ಫ್ರೆಡರಿಕನಿಗೆ ಕಾಣಿಕೆಯಾಗಿ ಕಳುಹಿಸಿದ. ಎಂಟು ಹಾಳೆಗಳು ಎಂದೋ ಕಳೆದುಹೋಗಿವೆ, ನಲವತ್ತೈದು ಉಳಿದಿವೆ. ಐಸ್‌ಲೆಂಡಿನವರ ಬಹುಕಾಲದ ಬೇಡಿಕೆಯಂತೆ ಡೆನ್ಮಾರ್ಕ್ ಅದನ್ನು ಮರಳಿ ಒಪ್ಪಿಸಿದ್ದು 1971ರ ಏಪ್ರಿಲ್ 21ರಂದು. ವಿಮಾನವನ್ನು ನಂಬದೆ ನೌಕಾದಳದ ಹಡಗಿನಲ್ಲಿ ತಂದರು. ರೇಕ್ಯಾವಿಕ್ ಬಂದರಿನಲ್ಲಿ ಆ ದಿನ ಸಾವಿರಾರು ಜನ ನೆರೆದಿದ್ದರು. ಅವರು ಎದುರುಗೊಳ್ಳಲು ಬಂದದ್ದು ದೊರೆಯನ್ನಲ್ಲ, ದಂಡನಾಯಕನನ್ನೂ ಅಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಮಾಸಿದ ಪುಸ್ತಕವನ್ನು.

ಆ ಪುಸ್ತಕದೊಳಗೆ ಹೆಲ್ಗಿ ಎಂಬ ಹೆಸರಿನ ಇಬ್ಬರು ವೀರರ ಪದ್ಯಗಳಿವೆ. ಅವರಿಬ್ಬರೂ ಒಬ್ಬನೇ ಎಂಬುದು ಲಿಪಿಕಾರನಿಗೆ ಬಂದ ಐತಿಹ್ಯ. ಮೊದಲನೆಯವನು ಹ್ಯೋರ್ವಾರ್ದ್ ದೊರೆಯ ಮಗ. ಎತ್ತರದ ಚೆಲುವ, ಆದರೆ ಮಾತಿಲ್ಲದವನು. ಯಾವ ಹೆಸರೂ ಅವನಿಗೆ ಅಂಟಿ ನಿಲ್ಲಲಿಲ್ಲವಂತೆ. ಒಂದು ದಿನ ಅವನು ದಿಬ್ಬದ ಮೇಲೆ ಸುಮ್ಮನೆ ಕುಳಿತಿರುವಾಗ ಒಂಬತ್ತು ಮಂದಿ ವಾಲ್ಕಿರಿಗಳು ಕುದುರೆಗಳ ಮೇಲೆ ಹಾದುಹೋದರು. ಅವರಲ್ಲಿ ಮಿಗಿಲಾದವಳು ಐಲಿಮಿ ದೊರೆಯ ಮಗಳಾದ ಸ್ವಾವಾ. ಆಕೆ ಅವನನ್ನು ‘ಹೆಲ್ಗಿ’ ಎಂದು ಕರೆದಳು. ಹೆಸರಿಟ್ಟ ಮೇಲೆ ಉಡುಗೊರೆ ಕೊಡಬೇಕಲ್ಲವೆ? ಒಳ್ಳೆಯ ಕತ್ತಿ ಎಲ್ಲಿ ಅಡಗಿದೆಯೆಂಬುದನ್ನು ಹೇಳಿಕೊಟ್ಟಳು. ಆಮೇಲೆ ಯುದ್ಧಗಳಲ್ಲಿ ಕಾಣದಂತೆ ಅವನನ್ನು ಕಾದಳು. ಕಾಲ ಬಂದಾಗ ಇಬ್ಬರೂ ಒಬ್ಬರಿಗೊಬ್ಬರು ಮಾತು ಕೊಟ್ಟುಕೊಂಡರು.

ಹೆಲ್ಗಿಗೆ ಹೆದಿನ್ ಎಂಬ ಸೋದರನಿದ್ದ. ಚಳಿಗಾಲದ ಹಬ್ಬದ ಸಂಜೆ ಅವನು ಕಾಡಿನಿಂದ ಒಬ್ಬನೇ ಬರುವಾಗ, ತೋಳದ ಮೇಲೆ ಕುಳಿತು ಹಾವುಗಳನ್ನೇ ಲಗಾಮು ಮಾಡಿಕೊಂಡ ರಕ್ಕಸಿಯೊಬ್ಬಳು ಎದುರಾಗಿ, ಜೊತೆಗೆ ಬರಲೇ ಎಂದು ಕೇಳಿದಳು. ಬೇಡವೆಂದ. ಇದಕ್ಕೆ ಹಬ್ಬದ ಬಟ್ಟಲಿನ ಮುಂದೆ ಬೆಲೆ ತೆರುವೆ ಎಂದು ಹೇಳಿ ಹೋದಳು. ಅಂದಿನ ರಾತ್ರಿ ಪದ್ಧತಿಯಂತೆ ಪವಿತ್ರವಾದ ಹಂದಿಯ ಮೇಲೆ ಕೈಯಿಟ್ಟು ಎಲ್ಲರೂ ಪ್ರತಿಜ್ಞೆ ಮಾಡುತ್ತಿದ್ದರು. ಹೆದಿನ್ ಬಾಯಿಂದ, ಅವನಿಗೇ ತಿಳಿಯದಂತೆ, ಸೋದರನ ಪ್ರಿಯೆಯಾದ ಸ್ವಾವಾಳನ್ನು ಪಡೆದೇ ತೀರುವೆನೆಂಬ ಮಾತು ಹೊರಟುಹೋಯಿತು. ಆಡಿದ ಮಾತಿಗೆ ನಾಚಿ, ನೊಂದು, ಅವನು ಕಾಡುದಾರಿಗಳಲ್ಲಿ ಅಲೆದು ಕೊನೆಗೆ ಹೆಲ್ಗಿಯ ಮುಂದೆ ನಿಂತು ಇದ್ದುದನ್ನು ಇದ್ದಂತೆ ಹೇಳಿದ. ಹೆಲ್ಗಿ ಸಿಟ್ಟಾಗಲಿಲ್ಲ. ಮೂರು ರಾತ್ರಿ ಕಳೆದರೆ ತನಗೊಂದು ದ್ವಂದ್ವಯುದ್ಧವಿದೆ, ಅಲ್ಲಿಂದ ಮರಳುವೆನೆಂಬ ನಂಬಿಕೆಯಿಲ್ಲ, ಹಾಗಾದರೆ ಸೋದರನ ಮಾತು ಒಳ್ಳೆಯದಕ್ಕೇ ಆದೀತು ಎಂದ. ಹೆದಿನನಿಗೆ ಕಂಡ ರಕ್ಕಸಿ ತನ್ನನ್ನು ಬಿಟ್ಟು ಹೊರಟ ತನ್ನದೇ ರಕ್ಷಕಶಕ್ತಿ ಎಂಬುದು ಅವನ ಗುಮಾನಿ. ಅವನೆಣಿಸಿದಂತೆಯೇ ಆಯಿತು. ಮಾರಣಾಂತಿಕವಾದ ಗಾಯ ತಗುಲಿ ಬಿದ್ದವನು ಸ್ವಾವಾಳನ್ನು ಕರೆಸಿ, ಹೆದಿನನನ್ನು ಮದುವೆಯಾಗೆಂದು ಕೇಳಿಕೊಂಡ. ಉಂಗುರವಿಟ್ಟ ದಿನವೇ ತಾನು ಬೇರೆ ಮಾತು ಕೊಟ್ಟಿರುವುದನ್ನು ಆಕೆ ನೆನಪಿಸಿದಳು. ಹೆಲ್ಗಿಯಲ್ಲದೆ ಬೇರೊಬ್ಬ ಅರಸನನ್ನು ತಾನಾಗಿ ಅಪ್ಪಲೊಲ್ಲೆನೆಂಬುದೇ ಆ ಮಾತು. ಹೆದಿನ್ ಸೇಡು ತೀರಿಸಲು ಹೊರಟುಹೋದ. ಅವನಿಗೆ ಆಕೆ ದಕ್ಕಿದಳೋ ಇಲ್ಲವೋ ಎಂಬುದನ್ನು ಕವಿ ಹೇಳುವ ಗೋಜಿಗೇ ಹೋಗುವುದಿಲ್ಲ. ಹೆಲ್ಗಿ ಮತ್ತು ಸ್ವಾವಾ ಮರಳಿ ಹುಟ್ಟಿದರೆಂಬ ಪ್ರತೀತಿಯನ್ನು ಮಾತ್ರ ಲಿಪಿಕಾರ ಕೊನೆಗೆ ದಾಖಲಿಸುತ್ತಾನೆ.

ಎರಡನೆಯ ಜನ್ಮದಲ್ಲಿ ಹೆಲ್ಗಿ ವೋಲ್ಸುಂಗ ಕುಲದ ಸಿಗ್ಮುಂದ್ ದೊರೆಯ ಮಗ. ಈ ಸಲ ಮೌನಿಯಲ್ಲ, ಸಾಹಸಿ. ಶತ್ರುರಾಜನಾದ ಹುಂದಿಂಗನ ಆಳುಗಳು ಹುಡುಕಿಕೊಂಡು ಬಂದಾಗ ತೊತ್ತಿನ ಬಟ್ಟೆಯುಟ್ಟು ಬೀಸುವ ಕಲ್ಲಿನ ಮುಂದೆ ಕುಳಿತವನು ಅವನು. ಬೀಸಿದ ರಭಸಕ್ಕೆ ಕಲ್ಲೇ ಬಿರಿಯುವಂತಾಯಿತು. ಈ ತೊತ್ತಿನ ಕಣ್ಣು ಇಷ್ಟು ಉರಿಯುವುದೇಕೆ ಎಂದು ಬಂದವರಿಗೆ ಸಂಶಯ! ಸೆರೆಸಿಕ್ಕ ವಾಲ್ಕಿರಿ ಅವಳು, ಅದಕ್ಕೇ ಹಾಗೆ ಎಂದು ಮನೆಯವರು ಸಂಭಾಳಿಸಿದರು. ವಿರಾಟನ ಅಂತಃಪುರದ ಬೃಹನ್ನಳೆಯನ್ನು ಬಲ್ಲವರಿಗೆ ಈ ದೃಶ್ಯ ತೀರ ಅಪರಿಚಿತವೆನಿಸದು. ಮುಂದೆ ಹೆಲ್ಗಿ ಹುಂದಿಂಗನನ್ನು ಕೊಂದು ‘ಹುಂದಿಂಗ್‌ಬಾನಿ’, ಎಂದರೆ ಹುಂದಿಂಗನ ಹಂತಕ, ಎಂಬ ಬಿರುದು ಪಡೆದ.

ಸ್ವಾವಾ ಈಗ ಹೊಗ್ನಿ ದೊರೆಯ ಮಗಳು ಸಿಗ್ರೂನ್. ಈ ಜನ್ಮದಲ್ಲಿಯೂ ವಾಲ್ಕಿರಿ. ಗಾಳಿಯ ಮೇಲೆ, ಕಡಲ ಮೇಲೆ ಕುದುರೆಯೋಡಿಸಬಲ್ಲವಳು. ತಂದೆ ಅವಳನ್ನು ಗ್ರಾನ್ಮಾರನ ಮಗ ಹೊದ್‌ಬ್ರೊದ್ ಎಂಬ ರಾಜಕುಮಾರನಿಗೆ ಕೊಡುವುದಾಗಿ ನಿಶ್ಚಯ ಮಾಡಿಬಿಟ್ಟಿದ್ದ. ಆ ವರನ ವಿಷಯದಲ್ಲಿ ಹುಡುಗಿಯ ಅಭಿಪ್ರಾಯವೇನೆಂದರೆ, ಅವನು ಬೆಕ್ಕಿನ ಮರಿ. ಯುದ್ಧ ಮುಗಿಸಿ ದಣಿದು ಬಂಡೆಯ ಕೆಳಗೆ ಕುಳಿತಿದ್ದ ಹೆಲ್ಗಿಯನ್ನು ಅವಳೇ ಅರಸಿಕೊಂಡು ಹೋದಳು. ಕೊರಳು ತಬ್ಬಿ ಮುತ್ತಿಟ್ಟಳು. ನೋಡುವ ಮೊದಲೇ ಅವನನ್ನು ಮನಸಾರೆ ಪ್ರೀತಿಸಿದ್ದಾಗಿ ತಾನೇ ಬಾಯಿಬಿಟ್ಟು ಹೇಳಿದಳು. ನೋಡುವ ಮೊದಲೇ ಎಂಬ ಆ ಮಾತಿನಲ್ಲಿ ಹಿಂದಿನ ಜನ್ಮವೆಲ್ಲ ಅಡಗಿದೆಯೆಂಬುದು ಓದುಗನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವಳಿಗಿದ್ದುದು ಒಂದೇ ಭಯ, ತನ್ನ ಕುಲದವರ ಕೋಪ. ಅಂಜಬೇಡವೆಂದು ಹೆಲ್ಗಿ ಭರವಸೆಯಿತ್ತ.

ಇಂದಿನ ಕಾದಂಬರಿಯಾಗಿದ್ದರೆ ಇಲ್ಲಿಗೆ ಅರ್ಧ ಕಥೆ ಸುಖವಾಗಿ ಮುಗಿಯುತ್ತಿತ್ತು. ಒಲ್ಲದ ವರನನ್ನು ಸೋಲಿಸಿ ಅಟ್ಟಿದರಾಯಿತು. ಹಳೆಯ ಕವಿ ಹಾಗೆ ಬಿಡುವವನಲ್ಲ. ಹೆಲ್ಗಿಯ ಹಡಗುಗಳು ಬಿರುಗಾಳಿಗೆ ಸಿಕ್ಕಾಗ ಮಿಂಚಿನ ನಡುವೆ ಸಿಗ್ರೂನ್ ಮೇಲಿನಿಂದ ಬಂದು ಕಾದಳು, ನಿಜ. ಫ್ರೆಕಾಸ್ಟೈನ್ ಎಂಬಲ್ಲಿ ನಡೆದ ಕಾಳಗದಲ್ಲಿ ಗೆಲುವೂ ಆಯಿತು. ಆದರೆ ಹೊದ್‌ಬ್ರೊದನ ಪಕ್ಷದಲ್ಲಿ ಕಾದುತ್ತಿದ್ದವರು ಯಾರು? ಸಿಗ್ರೂನಳ ತಂದೆ ಮತ್ತು ಅಣ್ಣತಮ್ಮಂದಿರು. ಅವರಲ್ಲಿ ದಾಗ್ ಎಂಬ ಸೋದರನೊಬ್ಬ ಮಾತ್ರ ವೋಲ್ಸುಂಗರಿಗೆ ನಿಷ್ಠೆಯ ಆಣೆಯಿಟ್ಟು ಜೀವ ಉಳಿಸಿಕೊಂಡ. ಹೆಣಗಳ ನಡುವೆ ನಡೆದು ಬಂದ ಸಿಗ್ರೂನ್ ಸಾಯುತ್ತಿದ್ದ ವರನನ್ನು ಕಂಡು ಹಿಗ್ಗಿದಳು. ಆಗ ಹೆಲ್ಗಿ ಆಕೆಗೆ ಉಳಿದುದನ್ನೂ ತಿಳಿಸಬೇಕಾಯಿತು. ತಂದೆ ಸತ್ತಿದ್ದಾನೆ, ಕೊಂದ ಕೈ ತನ್ನದೇ. ಇದನ್ನು ತಪ್ಪಿಸುವುದು ಆಕೆಯ ಕೈಯಲ್ಲಿರಲಿಲ್ಲ, ಅರಸರ ನಡುವಿನ ಕಲಹಕ್ಕೆ ಕಾರಣಳಾಗುವುದು ಆಕೆಯ ಹಣೆಯಲ್ಲಿ ಬರೆದಿತ್ತು ಎಂದು ಸಮಾಧಾನ ಮಾಡಿದನಾದರೂ, ಸಮಾಧಾನದೊಳಗೇ ಮುಳ್ಳಿತ್ತು. ಆಕೆ ಅತ್ತಳು. ಅತ್ತು ಅವನನ್ನೇ ವರಿಸಿದಳು. ಮಕ್ಕಳಾದವು.

ದಾಗ್ ಆಣೆಯಿಟ್ಟಿದ್ದನಷ್ಟೆ, ಮರೆತಿರಲಿಲ್ಲ. ತಂದೆಯ ಕೊಲೆಗೆ ಸೇಡು ಬೇಡಿ ಓಡಿನನಿಗೆ ಬಲಿಯಿತ್ತ. ಓಡಿನ್ ತನ್ನ ಭರ್ಜಿಯನ್ನೇ ಅವನಿಗೆ ಎರವಲು ಕೊಟ್ಟ! ಉತ್ತರದೇಶದ ಈ ದೇವಾಧಿದೇವನ ನಡತೆ ಹೊಸಬರಿಗೆ ವಿಚಿತ್ರವಾಗಿ ಕಾಣಬಹುದು. ಹೆಲ್ಗಿ ಅವನಿಗೆ ಯಾವ ಅಪಚಾರವನ್ನೂ ಮಾಡಿರಲಿಲ್ಲ. ಆದರೆ ರಾಗ್ನರೋಕ್ ಎಂಬ ಕಡೆಯ ಯುದ್ಧದಲ್ಲಿ ದೇವತೆಗಳೇ ಅಳಿಯಲಿರುವರು. ಆ ದಿನಕ್ಕಾಗಿ ಓಡಿನನಿಗೆ ಸತ್ತ ವೀರರ ಸೈನ್ಯ ಬೇಕು. ಒಳ್ಳೆಯ ವೀರ ಬೇಗ ಸತ್ತಷ್ಟೂ ಅವನಿಗೆ ಲಾಭ. ಹೀಗಾಗಿ ಆ ದೇವರು ಭಕ್ತರನ್ನು ಕೈಬಿಡುವುದು ಚಾಂಚಲ್ಯದಿಂದಲ್ಲ, ಲೆಕ್ಕಾಚಾರದಿಂದ. ‘ಬಂಧನದ ತೋಪು’ ಎಂಬ ಹೆಸರಿನ ಕಾಡಿನಲ್ಲಿ ದಾಗ್ ಭಾವನನ್ನು ಇರಿದು ಕೊಂದ. ಕೊಂದವನೇ ಕುದುರೆಯೇರಿ ಬಂದು ಅಕ್ಕರೆಯ ಸೋದರಿಗೆ ಸುದ್ದಿ ತಿಳಿಸಿದ.

ಸಿಗ್ರೂನ್ ಅವನಿಗೆ ಕೊಟ್ಟ ಶಾಪ ಆ ಸಾಹಿತ್ಯದಲ್ಲಿ ಪ್ರಸಿದ್ಧವಾದದ್ದು. ಅನುಕೂಲವಾದ ಗಾಳಿಯಿದ್ದರೂ ಅವನ ಹಡಗು ಅಲುಗದಿರಲಿ, ವೈರಿ ಬೆನ್ನಟ್ಟಿದಾಗ ಅವನ ಕುದುರೆ ಓಡದಿರಲಿ, ಅವನ ಕತ್ತಿ ಅವನ ತಲೆಯನ್ನಲ್ಲದೆ ಬೇರೇನನ್ನೂ ಕಡಿಯದಿರಲಿ ಎಂಬುದು ಅದರ ಸಾರ. ಮುರಿದ ಆಣೆಗೆ ತಕ್ಕ ಶಾಪ: ನಂಬಿದ ವಸ್ತುಗಳೆಲ್ಲ ಅವನಿಗೆ ದ್ರೋಹ ಬಗೆಯಬೇಕು. ದಾಗ್ ತಪ್ಪನ್ನೆಲ್ಲ ಓಡಿನನ ತಲೆಗೆ ಕಟ್ಟಿ, ಪರಿಹಾರವಾಗಿ ಚಿನ್ನದ ಬಳೆಗಳನ್ನೂ ಭೂಮಿಯನ್ನೂ ಕೊಡಲು ಮುಂದಾದ. ಆಕೆ ಅವನ್ನು ಕಣ್ಣೆತ್ತಿಯೂ ನೋಡಲಿಲ್ಲ. ತಂದೆಯನ್ನು ಕೊಂದ ಗಂಡ, ಗಂಡನನ್ನು ಕೊಂದ ಸೋದರ, ಇವರಿಬ್ಬರ ನಡುವೆ ಆಕೆಯ ಯೌವನ ಮುಗಿದುಹೋಯಿತು.

ಹೆಲ್ಗಿಗೆ ಮಣ್ಣಿನ ದೊಡ್ಡ ದಿಬ್ಬವನ್ನೆತ್ತಿ ಸಮಾಧಿ ಮಾಡಿದರು. ಅವನು ವಾಲ್ಹಲ್ಲಾ ಎಂಬ ವೀರಸ್ವರ್ಗಕ್ಕೆ ಹೋದಾಗ ಓಡಿನ್ ತನ್ನೊಡನೆ ಸಮಾನವಾಗಿ ಆಳೆಂದು ಅವನಿಗೆ ಅಧಿಕಾರವಿತ್ತನಂತೆ. ಇನ್ನು ಮುಂದಿನದು ಸಿಗ್ರೂನಳ ಕಥೆ.

ಒಂದು ಸಂಜೆ ಸಿಗ್ರೂನಳ ದಾಸಿ ದಿಬ್ಬದ ಬಳಿ ಹಾದುಹೋಗುತ್ತಿದ್ದಾಗ ಹೆಲ್ಗಿ ಬಹುಮಂದಿ ಸವಾರರೊಡನೆ ಅತ್ತ ಬರುತ್ತಿರುವುದನ್ನು ಕಂಡಳು. ಇದು ಭ್ರಮೆಯೋ, ಲೋಕದ ಕಡೆಯ ದಿನವೇ ಬಂದಿತೋ, ಅಥವಾ ಸತ್ತವರಿಗೆ ಮನೆಗೆ ಬರಲು ಅಪ್ಪಣೆಯಾಯಿತೋ ಎಂದು ಬೆರಗಾಗಿ ಕೇಳಿದಳು. ಭ್ರಮೆಯಲ್ಲ, ಲೋಕ ಮುಗಿದೂ ಇಲ್ಲ. ಅಪ್ಪಣೆಯೇ ಆಗಿದೆಯೆಂಬ ಉತ್ತರ ಬಂತು. ದಾಸಿ ಓಡಿಹೋಗಿ ಒಡತಿಗೆ ತಿಳಿಸಿದಳು: ದಿಬ್ಬ ತೆರೆದಿದೆ, ಒಡೆಯ ಬಂದಿದ್ದಾನೆ, ಅವನ ಗಾಯಗಳಿಂದ ರಕ್ತ ಒಸರುತ್ತಿದೆ, ಅದನ್ನು ನಿಲ್ಲಿಸಲು ನಿನ್ನನ್ನು ಕರೆಯುತ್ತಿದ್ದಾನೆ.

ಸಿಗ್ರೂನ್ ಒಳಗೆ ಹೋದಳು. ಹೆದರಿಕೆಯೆಂಬ ಮಾತೇ ಪದ್ಯದಲ್ಲಿಲ್ಲ. ರಕ್ತದ ಕವಚವನ್ನು ಅವನು ಕಳಚುವ ಮೊದಲೇ ಮುತ್ತಿಡಬೇಕೆಂಬ ಆತುರ ಆಕೆಗೆ. ಬೇಟೆಯ ವಾಸನೆ ಹಿಡಿದ ಗಿಡುಗಗಳ ಹಸಿವಿಗೆ ತನ್ನ ಸಂತೋಷವನ್ನು ಆಕೆ ತಾನೇ ಹೋಲಿಸುತ್ತಾಳೆ. ರಣದಲ್ಲಿ ಬೆಳೆದ ಹೆಣ್ಣಿಗೆ ಬೇರೆ ಉಪಮಾನ ಎಲ್ಲಿಂದ ಬರಬೇಕು? ಆದರೆ ಮುಟ್ಟಿದಾಗ ತಿಳಿಯಿತು. ಕೂದಲಿನಲ್ಲಿ ಮಂಜುಗಟ್ಟಿದೆ, ಕೈ ತಣ್ಣಗಿದೆ, ಮೈಯೆಲ್ಲ ಸಾವಿನ ಇಬ್ಬನಿಯಲ್ಲಿ ತೊಯ್ದಿದೆ. ಇದಕ್ಕೇನು ಪರಿಹಾರವೆಂದು ಕೇಳಿದಾಗ ಹೆಲ್ಗಿ ಹೇಳಿದ ಉತ್ತರದಲ್ಲಿ ಇಡೀ ಕಾವ್ಯದ ತಿರುಳಿದೆ. ಈ ತೇವಕ್ಕೆ ನೀನೇ ಕಾರಣ, ಮಲಗುವ ಮೊದಲು ನೀನು ಸುರಿಸುವ ಒಂದೊಂದು ಹನಿಯೂ ರಕ್ತವಾಗಿ, ಹಿಮವಾಗಿ, ನನ್ನ ಎದೆಯ ಮೇಲೆ ಬಿದ್ದು ಒಳಗಿಳಿಯುತ್ತದೆ ಎಂದ. ತಂದೆ ಸತ್ತ ದಿನ ಹೇಗೋ ಹಾಗೆಯೇ ಈಗಲೂ, ಪ್ರೀತಿಯಿಂದಲೇ, ಆದರೆ ಮುಚ್ಚುಮರೆಯಿಲ್ಲದೆ.

ಕಾಳಿದಾಸನನ್ನು ಓದಿದವರಿಗೆ ಇಲ್ಲಿ ರಘುವಂಶದ ಎಂಟನೆಯ ಸರ್ಗ ನೆನಪಾಗದಿರದು. ಇಂದುಮತಿಯನ್ನು ಕಳೆದುಕೊಂಡು ಗೋಳಿಡುತ್ತಿದ್ದ ಅಜನಿಗೆ ವಸಿಷ್ಠರು ಶಿಷ್ಯನ ಮೂಲಕ ಹೇಳಿಕಳುಹಿಸಿದ್ದೂ ಇದನ್ನೇ: ಬಂಧುಗಳ ಬಿಡದ ಕಣ್ಣೀರು ಅಗಲಿದವರನ್ನು ಸುಡುತ್ತದೆ. ಬಿಸಿಲ ನಾಡಿನ ಕವಿಗೆ ಕಣ್ಣೀರು ಸುಡುವ ವಸ್ತು. ಹಿಮದ ನಾಡಿನವನಿಗೆ ಕೊರೆಯುವ ವಸ್ತು. ಅಷ್ಟೇ ಅಂತರ. ಇಂದುಮತಿಯಾದರೂ ಯಾರು? ಶಾಪದಿಂದ ಭೂಮಿಗಿಳಿದ ಅಪ್ಸರೆ. ಅಜನೂ ಮಗ ದಶರಥ ಬೆಳೆಯುವವರೆಗೆ ಎಂಟು ವರ್ಷ ಹೇಗೋ ತಾಳಿದ್ದು, ಗಂಗಾ ಸರಯೂ ಸಂಗಮದಲ್ಲಿ ದೇಹ ಬಿಟ್ಟು ಆಕೆಯನ್ನು ನಂದನವನದಲ್ಲಿ ಸೇರಿದನೆಂದು ಕಾಳಿದಾಸ ಮುಗಿಸುತ್ತಾನೆ. ಸಾವಿತ್ರಿಗೆ ಯಮ ಸೋತ. ರುರು ತನ್ನ ಆಯುಸ್ಸಿನ ಅರ್ಧವನ್ನು ಧಾರೆಯೆರೆದು ಪ್ರಮದ್ವರೆಯನ್ನು ಮರಳಿ ಪಡೆದ. ನಮ್ಮ ಕಥೆಗಳಲ್ಲಿ ಬಾಗಿಲು ತಟ್ಟಿದರೆ ತೆರೆಯುವವರು ಒಬ್ಬರಾದರೂ ಇರುತ್ತಾರೆ. ಸಿಗ್ರೂನಳಿಗೆ ಅಂಥ ಬಾಗಿಲಿಲ್ಲ. ಅವಳ ದೇವರೇ ಭರ್ಜಿ ಕೊಟ್ಟವನು.

ದಿಬ್ಬದೊಳಗೆ ಆಕೆ ಹಾಸಿಗೆ ಹಾಸಿದಳು. ಇನ್ನು ಯಾರೂ ಶೋಕಗೀತೆ ಹಾಡಬೇಕಿಲ್ಲ, ಅರಸನ ಮಗಳು ಬದುಕಿರುವಾಗಲೇ ಸತ್ತವರ ನಡುವೆ ಬಂದಿದ್ದಾಳೆ ಎಂದು ಹೆಲ್ಗಿ ಹಿಗ್ಗಿ ಹೇಳಿದ. ಅವನು ಬದುಕಿದ್ದಾಗ ಮಲಗುತ್ತಿದ್ದಂತೆಯೇ ಅವನ ತೋಳಿನಲ್ಲಿ ಮಲಗಿದಳು. ನಸುಕಾಗುವ ಮುನ್ನ ಅವನು ಎದ್ದ. ವೀರಸ್ವರ್ಗದ ಕೋಳಿ ಕೂಗಿ ಅಲ್ಲಿಯವರನ್ನು ಎಬ್ಬಿಸುವುದರೊಳಗೆ ಆಕಾಶದ ಸೇತುವೆಯ ಪಡುವಣಕ್ಕೆ ತಲಪಬೇಕಾಗಿತ್ತು. ಸವಾರರು ಹೊರಟುಹೋದರು, ಹೆಂಗಸರು ಮನೆಗೆ ನಡೆದರು.

ಮರುದಿನ ಸಂಜೆ ದಾಸಿಯನ್ನು ದಿಬ್ಬದ ಬಳಿ ಕಾವಲಿಟ್ಟು, ಹೊತ್ತು ಮುಳುಗುವಾಗ ಸಿಗ್ರೂನ್ ತಾನೂ ಬಂದಳು. ಬರುವುದಾಗಿದ್ದರೆ ಇಷ್ಟರಲ್ಲಿ ಬರಬೇಕಾಗಿತ್ತೆಂದು ಲೆಕ್ಕ ಹಾಕಿದಳು. ಹಕ್ಕಿಗಳು ಕೊಂಬೆ ಸೇರಿದವು. ಕತ್ತಲಾದ ಮೇಲೆ ಒಬ್ಬಳೇ ಪ್ರೇತಗಳ ಮನೆಗೆ ಹೋಗುವ ಹುಚ್ಚು ಬೇಡ, ಹಗಲಿಗಿಂತ ಇರುಳಿನಲ್ಲಿ ಸತ್ತವರ ಬಲ ಹೆಚ್ಚು ಎಂದು ದಾಸಿ ತಡೆದಳು. ಅವನು ಬರಲಿಲ್ಲ. ದುಃಖದಿಂದ ಸಿಗ್ರೂನ್ ಹೆಚ್ಚು ಕಾಲ ಬದುಕಲಿಲ್ಲವೆಂದು ಲಿಪಿಕಾರ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ.

ವೀರನಿಗೂ ಸ್ವರ್ಗದ ಹೆಣ್ಣಿಗೂ ನಂಟು ಕಟ್ಟಿದವರು ಉತ್ತರದವರು ಮಾತ್ರವಲ್ಲ. ಕನ್ನಡ ನಾಡಿನ ವೀರಗಲ್ಲುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಮಡಿದವನನ್ನು ಎತ್ತಿಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ ಎಂಬ ಅರ್ಥದ ಶ್ಲೋಕವನ್ನು ಅನೇಕ ಕಲ್ಲುಗಳ ಮೇಲೆ ಕೆತ್ತಿದ್ದಾರೆ. ಸ್ವೀಡನ್ನಿಗೆ ಸೇರಿದ ಗಾಟ್‌ಲೆಂಡ್ ದ್ವೀಪದಲ್ಲಿಯೂ ಇದೇ ಬಗೆಯ ಚಿತ್ರಶಿಲೆಗಳಿವೆ. 1844ರಲ್ಲಿ ದೊರೆತು ಈಗ ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿರುವ ತ್ಯಾಂಗ್‌ವೀದೆ ಶಿಲೆಯಲ್ಲಿ ಎಂಟು ಕಾಲಿನ ಕುದುರೆಯ ಮೇಲೆ ಸವಾರನೊಬ್ಬ ಬರುತ್ತಿದ್ದಾನೆ. ಎದುರಿಗೆ ಹೆಣ್ಣೊಬ್ಬಳು ಪಾನದ ಕೊಂಬನ್ನು ನೀಡಿ ಸ್ವಾಗತಿಸುತ್ತಿದ್ದಾಳೆ. ಎರಡು ನಾಡುಗಳಿಗೂ ಕೊಡುಕೊಳೆಯಿತ್ತೆಂದು ಹೇಳುವುದು ಅವಸರವಾದೀತು. ಮಗನನ್ನೋ ಗಂಡನನ್ನೋ ಕಾಳಗಕ್ಕೆ ಕಳುಹಿಸಿದ ಮನೆಯವರಿಗೆ ಅವನನ್ನು ಎದುರುಗೊಳ್ಳುವವರು ಆಚೆ ಯಾರಾದರೂ ಇದ್ದಾರೆಂಬ ನಂಬಿಕೆ ಬೇಕಾಗುತ್ತದೆ. ಆದರೆ ಒಂದು ಭೇದವನ್ನು ಗಮನಿಸಬೇಕು. ವೀರಗಲ್ಲಿನ ಅಪ್ಸರೆಗೆ ಹೆಸರಿಲ್ಲ, ಊರಿಲ್ಲ, ಅಪ್ಪನಿಲ್ಲ. ಸಿಗ್ರೂನಳಿಗೆ ಎಲ್ಲವೂ ಇದೆ. ಆದ್ದರಿಂದಲೇ ಆಕೆ ಕಳೆದುಕೊಳ್ಳಬಲ್ಲಳು.

ಆ ರಾತ್ರಿಯ ಕಥೆ ಯೂರೋಪಿನಲ್ಲಿ ಬೇರೆ ಬೇರೆ ರೂಪಗಳಲ್ಲಿ ಕಾಣಿಸಿಕೊಂಡಿದೆ. ಡೆನ್ಮಾರ್ಕಿನ ಜನಪದ ಲಾವಣಿಯೊಂದರಲ್ಲಿ ಓಗೆ ಎಂಬ ಸತ್ತ ವರ ಶವಪೆಟ್ಟಿಗೆಯನ್ನು ಬೆನ್ನ ಮೇಲೆ ಹೊತ್ತು ಎಲ್ಸೆಯ ಬಾಗಿಲಿಗೆ ಬರುತ್ತಾನೆ. ಆಕೆ ಅತ್ತರೆ ಪೆಟ್ಟಿಗೆಯಲ್ಲಿ ರಕ್ತ ತುಂಬುತ್ತದೆ, ನಕ್ಕರೆ ಗುಲಾಬಿಯ ಎಸಳು ತುಂಬುತ್ತವೆ. ಜರ್ಮನಿಯ ಬ್ಯೂರ್ಗರ್ ಕವಿಯ ‘ಲೆನೋರೆ’ 1774ರಲ್ಲಿ ಅಚ್ಚಾಯಿತು. ಯುದ್ಧದಿಂದ ಮರಳದ ಪ್ರಿಯಕರನಿಗಾಗಿ ದೇವರನ್ನೇ ಹಳಿದ ಹುಡುಗಿಯನ್ನು ನಡುರಾತ್ರಿ ಅವನು ಕುದುರೆಯ ಮೇಲೆ ಕೂರಿಸಿಕೊಂಡು ಗೋರಿಯ ಕಡೆಗೆ ಧಾವಿಸುವ ಲಾವಣಿ ಅದು. ವಾಲ್ಟರ್ ಸ್ಕಾಟ್ 1796ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ನೂರು ವರ್ಷದ ತರುವಾಯ, 1897ರಲ್ಲಿ, ಬ್ರಾಮ್ ಸ್ಟೋಕರ್ ‘ಡ್ರಾಕುಲಾ’ ಬರೆದಾಗ, ಬಂಡಿಯಲ್ಲಿದ್ದ ಪ್ರಯಾಣಿಕನೊಬ್ಬ ಆ ಲಾವಣಿಯ ಸಾಲನ್ನೇ ಗೊಣಗುವಂತೆ ಮಾಡಿದ್ದಾನೆ. ಡ್ರಾಕುಲಾನಿಂದ ಇಂದಿನ ಶಾಲಾಬಾಲಕರೂಪದ ರಕ್ತಪಿಶಾಚಿಗಳವರೆಗೆ ದಾರಿ ಎಲ್ಲರಿಗೂ ಗೊತ್ತಿರುವಂಥದೇ.

ಈ ದಾರಿಯಲ್ಲಿ ಎಲ್ಲಿಯೋ ಒಂದು ವಸ್ತು ಬಿದ್ದುಹೋಗಿದೆ. ‘ಟ್ವೈಲೈಟ್’ ಮಾಲೆಯ 2008ರ ಕೊನೆಯ ಕಾದಂಬರಿಯಲ್ಲಿ ನಾಯಿಕೆ ತಾನೂ ಅಮರಳಾಗಿ ಪ್ರಿಯನೊಡನೆ ಚಿರಕಾಲ ಸುಖವಾಗಿರುತ್ತಾಳೆ. ತಂದೆತಾಯಿ, ಪ್ರಿಯ, ಮಗು, ಯಾರನ್ನೂ ಅವಳು ಬಿಟ್ಟುಕೊಡಬೇಕಾಗಿಲ್ಲ. ವಾಲ್ಕಿರಿಗಳನ್ನು ಕರೆತರುವ ಪುಸ್ತಕಗಳ ಗತಿಯೂ ಬಹುಮಟ್ಟಿಗೆ ಇದೇ. ಮೂರನೆಯ ಸಂಪುಟದ ಹೊತ್ತಿಗೆ ಸಾವಿಗೊಂದು ಒಳದಾರಿ ಸಿಕ್ಕೇಸಿಗುತ್ತದೆ. ಎಳೆಯರಿಗೆ ಕಹಿ ಬೇಡವೆಂಬ ಕನಿಕರ ಇದರ ಹಿಂದಿರಬಹುದು. ಆದರೆ ಹದಿನೇಳರ ವಯಸ್ಸಿನವರಿಗೆ ಕಹಿ ತಿಳಿಯದೆಂದು ಯಾರು ಹೇಳಿದರು? ಮನೆಯವರು ಒಪ್ಪದವನನ್ನು ಮೆಚ್ಚಿದ ಹುಡುಗಿ ಯಾವ ದೇಶದಲ್ಲಿಯೇ ಇರಲಿ, ಸಿಗ್ರೂನಳ ಇಕ್ಕಟ್ಟನ್ನು ಅವಳಿಗೆ ಅಡಿಟಿಪ್ಪಣಿ ಬರೆದು ತಿಳಿಸಬೇಕಾಗಿಲ್ಲ. ಮಂಜಿನ ಕಣ್ಣಿನ ಹುಡುಗನ ಕಥೆ ಓದಿದವರ ಕೈಗೆ ಈ ಹಳೆಯ ಪದ್ಯವನ್ನೂ ಕೊಟ್ಟು ನೋಡಬೇಕು. ಅವರು ಮೊದಲನೆಯದನ್ನೇ ಮೆಚ್ಚಿದರೆ ಮೆಚ್ಚಲಿ.

ಲಿಪಿಕಾರನ ಇನ್ನೊಂದು ಟಿಪ್ಪಣಿ ಉಳಿದಿದೆ. ಸಿಗ್ರೂನಳ ಸಾವನ್ನು ಹೇಳಿದ ಮೇಲೆ ಅವನು, ಜನರು ಮರಳಿ ಹುಟ್ಟುತ್ತಾರೆಂದು ಹಿಂದಿನ ಕಾಲದಲ್ಲಿ ನಂಬಿದ್ದರು, ಈಗ ಅದನ್ನು ಮುದುಕಿಯರ ತಪ್ಪುಕಲ್ಪನೆಯೆನ್ನುತ್ತಾರೆ ಎಂದು ಬರೆದ. ಕ್ರೈಸ್ತನಾದವನು ಅಲ್ಲಿಗೆ ಲೇಖನಿಯನ್ನು ಕೆಳಗಿಡಬೇಕಾಗಿತ್ತು. ಇಡಲಿಲ್ಲ. ಹೆಲ್ಗಿ ಹಾದಿಂಗರ ವೀರನಾಗಿಯೂ ಸಿಗ್ರೂನ್ ಹಾಲ್ವದಾನನ ಮಗಳು ಕಾರಾ ಆಗಿಯೂ ಮತ್ತೆ ಹುಟ್ಟಿದರಂತೆ, ಆ ಕಥೆ ಕಾರಾಳ ಹಾಡಿನಲ್ಲಿದೆ, ಅವಳೂ ವಾಲ್ಕಿರಿಯಾಗಿದ್ದಳು ಎಂದು ಸೇರಿಸಿಯೇ ಬಿಟ್ಟ. ತಪ್ಪುಕಲ್ಪನೆಯೆಂದು ಒಪ್ಪಿಕೊಂಡವನಿಗೆ ಆ ಇಬ್ಬರನ್ನು ದಿಬ್ಬದ ಬಳಿ ಹಾಗೆಯೇ ಬಿಟ್ಟುಬರಲು ಮನಸ್ಸು ಬರಲಿಲ್ಲವೆಂದು ತೋರುತ್ತದೆ.

ಅವನು ಹೆಸರಿಸಿದ ಕಾರಾಳ ಹಾಡು ಈಗ ಎಲ್ಲಿಯೂ ಇಲ್ಲ. ಅದರ ಕಥೆಯ ಚೂರೊಂದು ಮಾತ್ರ, ಬಹಳ ತಡವಾಗಿ ಈಗಿನ ರೂಪಕ್ಕೆ ಬಂದ ಹ್ರೋಮುಂದನ ಸಾಗಾ ಎಂಬ ಗದ್ಯಕಥೆಯಲ್ಲಿ ಉಳಿದಿದೆ. ಅಲ್ಲಿ ಯುದ್ಧ ನಡೆಯುವುದು ಹೆಪ್ಪುಗಟ್ಟಿದ ವೇನಿರ್ ಸರೋವರದ ಮೇಲೆ. ಕಾರಾ ಹಂಸದ ರೂಪ ತಾಳಿ ಹೆಲ್ಗಿಯ ತಲೆಯ ಮೇಲೆ ಹಾರಾಡುತ್ತ ಮಂತ್ರಗೀತ ಹಾಡುತ್ತಿರುತ್ತಾಳೆ; ಅದನ್ನು ಕೇಳಿದ ವೈರಿಗಳಿಗೆ ತಮ್ಮನ್ನು ಕಾದುಕೊಳ್ಳುವ ನೆನಪೇ ಉಳಿಯದು. ಹೆಲ್ಗಿ ಗೆಲ್ಲುತ್ತಲೇ ಇರುತ್ತಾನೆ. ಹ್ರೋಮುಂದನನ್ನು ಹೊಡೆಯಲೆಂದು ಅವನು ಒಮ್ಮೆ ಕತ್ತಿಯನ್ನು ತೀರ ಮೇಲಕ್ಕೆತ್ತುತ್ತಾನೆ. ಅದರ ಅಲಗು ಹಂಸದ ಕಾಲಿಗೆ ತಗುಲುತ್ತದೆ. ಹಕ್ಕಿ ಕೆಳಗೆ ಬೀಳುತ್ತದೆ. ಬೀಸಿದ ಕತ್ತಿ ಹಿಡಿಯವರೆಗೂ ನೆಲದಲ್ಲಿ ಹೂತುಹೋಗುತ್ತದೆ.